ಕೂಸಿಗಿ ಯಾರ ಹಂತ್ಯಾಕ ಬಿಟ್ಟು ಬಂದಿ?

ತೊಗರಿ ಕೊಯ್ಲಿನ ದಿನಗಳಲ್ಲಿ ಹೊಲಕ್ಕೆ ಬರುವ ಹೆಣ್ಣುಮಕ್ಕಳನ್ನು ನಾನು ಕೇಳುವ ಮಾತು ಇದು. ಕನ್ನಡದಲ್ಲಿ ಕೇಳಿದರೂ ತೆಲುಗಿನಲ್ಲಿ ಕೇಳಿದರೂ ಉತ್ತರ ಒಂದೇ: "ಹಿರೀ ಮಗಳು ಅದಾಳ್ರಿ ಅಣ್ಣಾ." ಆ ಹಿರಿ ಮಗಳಿಗೆ ಒಂಬತ್ತೋ ಹತ್ತೋ ವರ್ಷ. ಆ ದಿನ ಅವಳ ಶಾಲೆ ತಪ್ಪಿತೆಂದೇ ಲೆಕ್ಕ.

ನೌಕರಿ ಮತ್ತು ತಾಯ್ತನ ಎರಡನ್ನೂ ತೂಗಿಸುವ ಕಷ್ಟದ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತಲೇ ಇರುತ್ತದೆ. ಅಲ್ಲಿ ಕಾಣುವಾಕೆ ಹೆಚ್ಚಾಗಿ ಕಚೇರಿಗೆ ಹೋಗುವ ತಾಯಿ. ಆಕೆಯ ಕಷ್ಟ ಸುಳ್ಳಲ್ಲ. ಆದರೆ ಜಹೀರಾಬಾದಿನ ತೊಗರಿ ಹೊಲದಲ್ಲಿ, ತಾಂಡೂರಿನ ಫರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುವಾಕೆ, ನಾರಾಯಣಖೇಡದ ತಾಂಡಾಗಳಿಂದ ಗಂಡನ ಜೋಡಿ ಕಬ್ಬು ಕಡಿಯಲು ಗುಳೆ ಹೋಗುವಾಕೆ, ಇವರದೂ ಪೂರ್ಣಾವಧಿ ದುಡಿಮೆಯೇ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಅಷ್ಟೇ.

ಕಾನೂನು ಏನು ಹೇಳುತ್ತದೆ? 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲೆರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಮಂದಿ ಇಲ್ಲವೆ ಅದಕ್ಕೂ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಹತ್ತಿಪ್ಪತ್ತು ಜನ ಇರುವ ಕಲ್ಲಿನ ಕಾರ್ಖಾನೆಗೆ ಈ ಕೇಂದ್ರದ ನಿಯಮ ತಾಗುವುದಿಲ್ಲ. ದಿನಗೂಲಿಯ ಹೊಲಕ್ಕೆ ರಜೆಯ ಮಾತೇ ಇಲ್ಲ.

ಅಂಗನವಾಡಿ ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯದೂ ಆಗಿದೆ. ಬಸುರಿ ಬಾಣಂತಿಯರಿಗೆ ದಿನಕ್ಕೊಂದು ಪೂರ್ಣ ಊಟ ಕೊಡುವ ಆರೋಗ್ಯಲಕ್ಷ್ಮಿ ಯೋಜನೆಯನ್ನು ತೆಲಂಗಾಣ 2015ರಲ್ಲಿ ತಂದಿತು. ಆದರೆ ಆ ಊಟ ಉಣ್ಣಲು ಮಧ್ಯಾಹ್ನ ಊರಲ್ಲಿರಬೇಕು. ಆಗ ಅವಳು ಹೊಲದಲ್ಲಿರುತ್ತಾಳೆ. ಮೂರು ವರ್ಷ ತುಂಬದ ಕೂಸಿಗೆ ಬಾಲಾಮೃತದ ಪೊಟ್ಟಣ ಮನೆಗೆ ಬರುತ್ತದೆ. ಅದನ್ನು ಕಲಸಿ ತಿನ್ನಿಸುವ ಕೈ ಮನೆಯಲ್ಲಿಲ್ಲ. ಆ ಕೈಯೇ ಹಿರಿ ಮಗಳದು.

ದಾರಿ ಇಲ್ಲವೆಂದಲ್ಲ. 1983ರಲ್ಲಿ ಆರಂಭವಾದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯವರು ಜಹೀರಾಬಾದ್ ಸುತ್ತಿನ ದಲಿತ ಹೆಣ್ಣುಮಕ್ಕಳ ಸಂಘಗಳ ಜೊತೆ ಬೀಜ, ಬೆಳೆಯ ಕೆಲಸ ಮಾಡುತ್ತಲೇ ಹಳ್ಳಿಗಳಲ್ಲಿ ಬಾಲವಾಡಿ ನಡೆಸಿ ತೋರಿಸಿದರು. ಗಡಿಯಾಚೆ ಕರ್ನಾಟಕ ಸರ್ಕಾರ ಉದ್ಯೋಗ ಖಾತರಿ ಕೆಲಸದ ತಾಯಂದಿರಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023ರಲ್ಲಿ ಘೋಷಿಸಿತು. ಅದಕ್ಕೂ ಮೊದಲೇ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಒಬ್ಬಾಕೆಗೆ ಕೂಲಿ ಕೊಟ್ಟು ಅವರನ್ನು ನೋಡಿಕೊಳ್ಳಲು ಬಿಡಬೇಕೆಂದು 2005ರ ಉದ್ಯೋಗ ಖಾತರಿ ಕಾಯಿದೆ ಹೇಳಿತ್ತು.

ಸರ್ಕಾರವನ್ನು ದೂರುವ ಮುಂಚೆ ನನ್ನ ತಪ್ಪನ್ನೂ ಹೇಳಬೇಕು. ಒಂದು ಸಲ ರಾಶಿಯ ವೇಳೆಯಲ್ಲಿ, ಹಾಲೂಡಿಸಲು ಮನೆಗೆ ಹೋಗಿ ತಡವಾಗಿ ಬಂದಾಕೆಗೆ ಅರ್ಧ ದಿನದ ಕೂಲಿ ಹಿಡಿದಿದ್ದೆ. ರಾತ್ರಿ ನನ್ನ ಹೆಂಡತಿ ಅಂದಳು: "ಕವಿತಾದಾಗ ತಾಯಿಗಿ ದೇವರಂತೀರಿ, ಲೆಕ್ಕದಾಗ ಅರ್ಧ ದಿನ ಅಂತೀರಿ." ಮರುದಿನ ಉಳಿದದ್ದನ್ನು ಕೊಟ್ಟೆ. ಅಂದಿನಿಂದ ನಮ್ಮ ಹೊಲದ ಬೇವಿನ ಕೆಳಗೆ ಸೀರೆಯ ಜೋಳಿಗೆ ಕಟ್ಟುತ್ತೇವೆ. ಒಬ್ಬ ಹಿರಿಯಾಕೆ ಕೂಲಿ ಪಡೆದು ಮಕ್ಕಳನ್ನು ನೋಡುತ್ತಾಳೆ. ಖರ್ಚು ಒಂದಾಳಿನ ಕೂಲಿ.

ಎರಡೆಕರೆಯ ರೈತನಿಗೆ ಅದೂ ಭಾರವೇ. ಆದ್ದರಿಂದ ಪಂಚಾಯಿತಿ ಮುಂದೆ ಬರಬೇಕು. ಮೂರು ವರ್ಷದೊಳಗಿನ ಮಕ್ಕಳಿಗೂ ಜಾಗ ಇರಬೇಕು, ತಾಯಿ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲು ತೆರೆಯಬೇಕು, ನೋಡಿಕೊಳ್ಳುವಾಕೆಗೆ ಸರಿಯಾದ ಕೂಲಿ ಸಿಗಬೇಕು. ಕಾಮಗಾರಿಗಳ ಪಟ್ಟಿಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಬರೆಯಲಿ. ಹಿರಿ ಮಗಳು ಶಾಲೆಗೆ ಹೋಗಲಿ.