ನೆರೆಯವರ ಅಂಗಳದಲ್ಲಿ ಆಟ

ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವಿನ ಲಿಕ್ಟನ್‌ಸ್ಟೈನ್ ಸುಮಾರು 40 ಸಾವಿರ ಜನರ ಪುಟ್ಟ ರಾಷ್ಟ್ರ. ಅಲ್ಲಿರುವ ಫುಟ್‌ಬಾಲ್ ಸಂಘಗಳು ಏಳೇ. ಸ್ವಂತ ಲೀಗ್ ನಡೆಸಲು ಸಾಲವು. ಆದುದರಿಂದ ಅವು ಸ್ವಿಸ್ ಲೀಗಿನಲ್ಲಿ ಆಡುತ್ತವೆ. 1932ರಲ್ಲಿ ಸ್ಥಾಪಿತವಾದ ವಾಡುಜ್ ಸಂಘವು 2008, 2014 ಮತ್ತು 2020ರಲ್ಲಿ ಅಲ್ಲಿನ ಅತ್ಯುನ್ನತ ಶ್ರೇಣಿಗೇರಿತು.

ಆದರೆ ಸ್ವಿಸ್ ಲೀಗಿನಲ್ಲಿ ಎಷ್ಟು ಮೇಲೇರಿದರೂ ಯುರೋಪಿನ ಪಂದ್ಯಾವಳಿಗೆ ಅದರಿಂದ ಪ್ರವೇಶ ದೊರೆಯದು. ಸ್ವದೇಶದ ಕಪ್ ಸ್ಪರ್ಧೆಯನ್ನೇ ಗೆಲ್ಲಬೇಕು. ಇದು ಅನ್ಯಾಯವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರದು. ಈ ನಿಯಮದಿಂದ ಆತಿಥೇಯರ ಪಾಲು ಕಡಿಮೆಯಾಗುವುದಿಲ್ಲ. ಅತಿಥಿಯೂ ತನ್ನ ಮನೆಯನ್ನು ಮರೆಯುವಂತಿಲ್ಲ. 2022ರಲ್ಲಿ ವಾಡುಜ್ ಈ ಮನೆಬಾಗಿಲಿನಿಂದಲೇ ಹೊರಟು, ವಿಯೆನ್ನಾದ ರಾಪಿಡ್ ಸಂಘವನ್ನು ಮಣಿಸಿ, ಕಾನ್ಫರೆನ್ಸ್ ಲೀಗಿನ ಗುಂಪು ಹಂತವನ್ನು ಸೇರಿತು. ಆ ದೇಶದ ಯಾವ ಸಂಘಕ್ಕೂ ಅದುವರೆಗೆ ಇದು ಸಾಧ್ಯವಾಗಿರಲಿಲ್ಲ.

ಪರಸ್ಥಳದಲ್ಲಿ ದುಡಿಯುವ ವಾಚಕರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.