ಊರಿಲ್ಲದ ಹೆಬ್ಬಾಗಿಲು

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಲಂಡನ್ನಿನವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಕೊಳ್ಳೆ ಹೋದದ್ದು ಸಿರಿಯಾದ ಊರು, ಬಾಗಿಲು ನಿಲ್ಲಿಸಿದ್ದು ಟ್ರಫಾಲ್ಗರ್ ಚೌಕದಲ್ಲಿ.

2016ರ ಏಪ್ರಿಲ್ 19ರಂದು ಅಂದಿನ ಮೇಯರ್ ಬೋರಿಸ್ ಜಾನ್ಸನ್ ಅಲ್ಲಿ ಅನಾವರಣಗೊಳಿಸಿದ್ದು ಪಾಲ್ಮೈರಾದ ಕಮಾನಿನ ಪ್ರತಿಕೃತಿಯನ್ನು. ಪಾಲ್ಮೈರಾ ಎಂಬುದು ಹೊರಗಿನವರ ಹೆಸರು, ಅಲ್ಲಿಯ ಜನರ ಬಾಯಲ್ಲಿ ಅದು ತದ್ಮುರ್. ಆ ಮರುಭೂಮಿ ಪಟ್ಟಣದ ಕಂಬಸಾಲಿನ ರಾಜಬೀದಿಗೆ ರೋಮನ್ನರ ಕಾಲದಲ್ಲಿ ಕಟ್ಟಿದ, ಸುಮಾರು 1,800 ವರ್ಷ ಹಳೆಯ ಕಮಾನನ್ನು ಐಸಿಸ್ ಉಗ್ರರು 2015ರ ಅಕ್ಟೋಬರ್‌ನಲ್ಲಿ ಸ್ಫೋಟಿಸಿದ್ದರು. ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ ಅದರ ಮೂರು ಆಯಾಮದ ನಕ್ಷೆ ತಯಾರಿಸಲಾಯಿತು. ಇಟಲಿಯ ಕರಾರಾದಲ್ಲಿ ರೋಬೋಟ್ ಯಂತ್ರಗಳು ಆ ನಕ್ಷೆಯಂತೆ ಈಜಿಪ್ಟಿನ ಅಮೃತಶಿಲೆಯನ್ನು ಕೊರೆದವು. ಮಾಡಿಸಿದ್ದು ಇನ್‌ಸ್ಟಿಟ್ಯೂಟ್ ಫಾರ್ ಡಿಜಿಟಲ್ ಆರ್ಕಿಯಾಲಜಿ ಎಂಬ ಸಂಸ್ಥೆ. ಮೂಲಕ್ಕಿಂತ ಚಿಕ್ಕದು, ಆದರೂ ಹತ್ತು ಟನ್ನಿಗೂ ಹೆಚ್ಚು ತೂಕ. ಮೂರು ದಿನ ಜನ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ಬಳಿಕ ಅದು ನ್ಯೂಯಾರ್ಕ್‌ಗೆ ಹೋಯಿತು, 2017ರಲ್ಲಿ ದುಬೈಯ ಸರಕಾರಗಳ ಶೃಂಗಸಭೆಗೆ ಹೋಯಿತು, 2018ರಲ್ಲಿ ವಾಷಿಂಗ್ಟನ್‌ಗೂ ಹೋಯಿತು. ಹೋದಲ್ಲೆಲ್ಲ ಅದಕ್ಕೆ ಸ್ವಾಗತವಿತ್ತು.

ಅದೇ ದಿನಗಳಲ್ಲಿ ಸಿರಿಯಾದ ಮನುಷ್ಯರಿಗೆ ಸಿಕ್ಕ ಸ್ವಾಗತ ಎಂಥದ್ದು? ಪುಟ್ಟ ಬಾಲಕ ಅಲಾನ್ ಕುರ್ದಿಯ ಶವ ಟರ್ಕಿಯ ಕಡಲತೀರದಲ್ಲಿ ಬಿದ್ದದ್ದು 2015ರ ಸೆಪ್ಟೆಂಬರ್ 2ರಂದು. ಜಗತ್ತೇ ಮರುಗಿದ ಆ ವಾರ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಘೋಷಿಸಿದ ಔದಾರ್ಯವೆಂದರೆ ಐದು ವರ್ಷಗಳಲ್ಲಿ 20,000 ನಿರಾಶ್ರಿತರು. ಕಮಾನು ಅನಾವರಣಗೊಂಡಾಗ ಟರ್ಕಿ ಒಂದರಲ್ಲೇ 25 ಲಕ್ಷಕ್ಕೂ ಹೆಚ್ಚು ಸಿರಿಯನ್ನರಿದ್ದರು. ಕಲ್ಲಿಗೆ ವೀಸಾ ಬೇಕಿರಲಿಲ್ಲ. ಅದಕ್ಕೆ ಗಡ್ಡವಿರಲಿಲ್ಲ, ತಲೆವಸ್ತ್ರವಿರಲಿಲ್ಲ.

ಹೆಬ್ಬಾಗಿಲುಗಳ ವಿಷಯದಲ್ಲಿ ಯುರೋಪಿನ ಈ ಪ್ರೀತಿ ಹೊಸದೇನಲ್ಲ. ಬ್ಯಾಬಿಲೋನಿನ ಇಶ್ತಾರ್ ಬಾಗಿಲಿನ ಇಟ್ಟಿಗೆಗಳನ್ನು ಜರ್ಮನ್ನರು ಅಗೆದು, ಪೆಟ್ಟಿಗೆಗಳಲ್ಲಿ ತುಂಬಿ ಒಯ್ದು, 1930ರಲ್ಲಿ ಬರ್ಲಿನ್ನಿನ ಪೆರ್ಗಮನ್ ಮ್ಯೂಸಿಯಂನಲ್ಲಿ ಜೋಡಿಸಿದರು. ಇರಾಕಿನ ಮಕ್ಕಳಿಗೆ ಸ್ವಂತ ನೆಲದಲ್ಲಿ ಉಳಿದದ್ದು ಒಂದು ಸಣ್ಣ ನಕಲು. ಜೋರ್ಡಾನಿನ ಮರುಭೂಮಿಯಲ್ಲಿದ್ದ ಉಮಯ್ಯಾ ಕಾಲದ ಮ್ಶತ್ತಾ ಅರಮನೆಯ ಮುಂಭಾಗ, ಬಳ್ಳಿ ಪ್ರಾಣಿಗಳ ಕೆತ್ತನೆಯಿಂದ ತುಂಬಿದ ಆ ಅಪೂರ್ವ ಪ್ರವೇಶ ಗೋಡೆ, ಅದೂ ಸೇರಿದ್ದು ಅದೇ ಬರ್ಲಿನ್ನಿಗೆ. ಅದನ್ನು ಕೈಸರನಿಗೆ ಕಾಣಿಕೆಯಾಗಿ ಬಿಟ್ಟುಕೊಟ್ಟವರು ಸುಲ್ತಾನ್ ಅಬ್ದುಲ್ ಹಮೀದ್ ಎಂಬುದನ್ನೂ ನಾವು ಮುಚ್ಚಿಡಬೇಕಿಲ್ಲ. ಅಂದು ಅಸಲನ್ನು ಒಯ್ದರು, ಈಗ ನಕಲನ್ನೂ ತಾವೇ ಇಟ್ಟುಕೊಂಡು ಸಂಸ್ಕೃತಿ ಉಳಿಸಿದೆವು ಎನ್ನುತ್ತಿದ್ದಾರೆ.

ಇಷ್ಟು ಹೇಳಿ ಕೈತೊಳೆದುಕೊಂಡರೆ ನಾವು ಪ್ರಾಮಾಣಿಕರಾಗುವುದಿಲ್ಲ. ಕಮಾನನ್ನು ಸ್ಫೋಟಿಸಿದವರು ನಮ್ಮ ಧರ್ಮದ ಹೆಸರು ಹೇಳಿಯೇ ಸ್ಫೋಟಿಸಿದರು. ಅದೇ ತದ್ಮುರಿನ ಬೆಲ್ ದೇವಾಲಯವನ್ನೂ 2015ರ ಆಗಸ್ಟ್‌ನಲ್ಲಿ ಅವರು ಉರುಳಿಸಿದರು. ಅವರಿಗೆ ಆ ಕಟ್ಟಡದ ಚರಿತ್ರೆಯಾದರೂ ಗೊತ್ತಿತ್ತೇ? ದೇವಾಲಯ ಚರ್ಚ್ ಆಯಿತು, 12ನೇ ಶತಮಾನದಲ್ಲಿ ಮಸೀದಿಯಾಯಿತು. 20ನೇ ಶತಮಾನದ ಆರಂಭದವರೆಗೂ ಊರಿನ ಮುಸ್ಲಿಮರು ಅಲ್ಲಿ ನಮಾಝ್ ಮಾಡಿದರು, ಅದರ ಪ್ರಾಕಾರದೊಳಗೇ ಮನೆ ಕಟ್ಟಿಕೊಂಡು ಮಕ್ಕಳನ್ನು ಸಾಕಿದರು. ಆ ಕಂಬಗಳನ್ನು ನೋಡಿ ಯಾರ ಈಮಾನೂ ಕೆಡಲಿಲ್ಲ. ಪ್ರವಾಸಿಗರಿಗೆ 'ಶುದ್ಧ' ಅವಶೇಷ ತೋರಿಸಲೆಂದು ಆ ಜನರನ್ನು ಎಬ್ಬಿಸಿದ್ದು ಫ್ರೆಂಚ್ ವಸಾಹತು ಆಡಳಿತ. ಇನ್ನು ಖಾಲಿದ್ ಅಲ್ ಅಸದ್. ದಶಕಗಳ ಕಾಲ ತದ್ಮುರಿನ ಪ್ರಾಚ್ಯವಸ್ತುಗಳನ್ನು ಕಾದ, ಮಗಳಿಗೆ ಆ ಊರಿನ ಪ್ರಾಚೀನ ರಾಣಿ ಝೆನೋಬಿಯಾಳ ಹೆಸರಿಟ್ಟ ಈ ಮುದುಕ ಎಂಬತ್ತು ದಾಟಿದ್ದರು. 2015ರ ಆಗಸ್ಟ್‌ನಲ್ಲಿ ಐಸಿಸ್ ಅವರ ತಲೆ ಕಡಿಯಿತು. ತದ್ಮುರಿಗಾಗಿ ಪ್ರಾಣ ಕೊಟ್ಟ ಆ ಮುಸ್ಲಿಮನ ಹೆಸರು ನಮ್ಮ ಎಷ್ಟು ಮಿಂಬರ್‌ಗಳಿಂದ ಕೇಳಿಬಂತು?

ಯಂತ್ರದ ಮೇಲೆ ನಮಗೆ ಸಿಟ್ಟಿಲ್ಲ. ಉಳಿ ಹಿಡಿದ ಕೈ ಪವಿತ್ರ, ಕಂಪ್ಯೂಟರ್ ಮುಟ್ಟಿದ ಕಲ್ಲು ಮೈಲಿಗೆ ಎಂಬ ಮಡಿ ನಮ್ಮದಲ್ಲ. ಮುರಿದು ಬಿದ್ದ ಕಲ್ಲುಗಳ ಜಾಗ ಗುರುತಿಸಲು, ಇಲ್ಲವಾದ ತುಂಡಿನ ಅಳತೆ ಹಿಡಿಯಲು ಇಂಥ ನಕ್ಷೆಗಿಂತ ಒಳ್ಳೆಯ ಸಾಧನ ಸಿಗದು. ಪ್ರಶ್ನೆ ಇರುವುದು ನಕ್ಷೆ ಯಾರ ಕೈಗೆ ಹೋಯಿತು ಎಂಬಲ್ಲಿ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2017ರಲ್ಲಿ ಸಿರಿಯಾ ಗಡಿಗೆ ಹತ್ತಿರದ ಜೋರ್ಡಾನಿನ ಮಫ್ರಖ್‌ನಲ್ಲಿ ನಿರಾಶ್ರಿತರಿಗೆ ಕಲ್ಲುಕೆಲಸ ಕಲಿಸಲು ಶುರುಮಾಡಿತು. ಹಣ ಬಂದದ್ದು ಬ್ರಿಟನ್ನಿನಿಂದಲೇ. ಊರಿಗೆ ಮರಳಿದಾಗ ಕೆಡವಿದ್ದನ್ನು ಕಟ್ಟುವ ಕೈಗಳು ಬೇಕೆಂದು ಯೋಚಿಸಿದವರೂ ಅದೇ ದೇಶದಲ್ಲಿದ್ದರು. ಆದರೆ ಮಫ್ರಖ್‌ನ ಉಳಿಯ ಸದ್ದಿಗೆ ಟಿವಿ ಕ್ಯಾಮೆರಾಗಳು ಮುಗಿಬೀಳಲಿಲ್ಲ.

ಇನ್ನೊಂದು ಮೌನವೂ ಇದೆ. ತದ್ಮುರ್ ಅಂದರೆ ಸಿರಿಯನ್ನರಿಗೆ ಮೊದಲು ನೆನಪಾಗುತ್ತಿದ್ದದ್ದು ಕಮಾನಲ್ಲ, ಜೈಲು. 1980ರ ಜೂನ್ 27ರಂದು ಹಾಫಿಝ್ ಅಸದ್‌ನ ಸೈನಿಕರು ಅಲ್ಲಿ ನೂರಾರು ಕೈದಿಗಳನ್ನು ಕೊಂದರು. 2015ರಲ್ಲಿ ಐಸಿಸ್ ಆ ಜೈಲನ್ನೂ ಸ್ಫೋಟಿಸಿತು. ಅದರ ಒಂದು ಗೋಡೆಯ ಪ್ರತಿಕೃತಿಯನ್ನು ಯಾವ ರಾಜಧಾನಿಯೂ ಕೇಳಲಿಲ್ಲ.

ಬಾಸಿಲ್ ಖರ್ತಬೀಲ್‌ನನ್ನೂ ಯಾರೂ ಕೇಳಲಿಲ್ಲ. ದಮಾಸ್ಕಸ್‌ನಲ್ಲಿ ಹುಟ್ಟಿದ ಈ ಫೆಲೆಸ್ತೀನಿ ಮೂಲದ ಸಾಫ್ಟ್‌ವೇರ್ ತಂತ್ರಜ್ಞ ತದ್ಮುರಿನ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಮೂಡಿಸಲು ತೊಡಗಿದ್ದು 2005ರ ಸುಮಾರಿಗೆ. ಆಗ ಐಸಿಸ್‌ನ ಹೆಸರನ್ನೇ ಯಾರೂ ಕೇಳಿರಲಿಲ್ಲ. 2012ರ ಮಾರ್ಚ್ 15ರಂದು ಬಶರ್ ಅಸದ್‌ನ ಸರಕಾರ ಅವನನ್ನು ಬಂಧಿಸಿತು. ಅದ್ರಾ ಜೈಲಿನಲ್ಲಿದ್ದಾಗಲೇ ವಕೀಲೆ ನೂರಾ ಗಾಝಿಯೊಂದಿಗೆ ನಿಕಾಹ್ ಆಯಿತು. 2015ರ ಅಕ್ಟೋಬರ್ 3ರಂದು ಅವನನ್ನು ಅಲ್ಲಿಂದ ಎಲ್ಲಿಗೋ ಒಯ್ದರು. ಕಮಾನು ಉರುಳಿದ ಸುದ್ದಿ ಜಗತ್ತಿಗೆ ತಲುಪಿದ್ದು ಮರುದಿನವೋ ಅದರ ಮರುದಿನವೋ. ಅವನು ಮಾಡಿಟ್ಟಿದ್ದ ಮಾದರಿಗಳನ್ನು ಗೆಳೆಯರು ಅದೇ ತಿಂಗಳು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡಿದರು. ಟ್ರಫಾಲ್ಗರ್ ಚೌಕದಲ್ಲಿ ಚಪ್ಪಾಳೆ ಬೀಳುವಾಗ ಅವನು ಬದುಕಿರಲಿಲ್ಲ. ಅವನನ್ನು ಕೊಂದಾಗಿದೆ ಎಂಬುದು ಪತ್ನಿಗೆ ಖಚಿತವಾಗಿ, ಅವಳು ಅದನ್ನು ಲೋಕಕ್ಕೆ ಹೇಳಿದ್ದು 2017ರ ಆಗಸ್ಟ್‌ನಲ್ಲಿ.