ಬಾವುಟದ ಅರ್ಥ ಬಟ್ಟೆಯಲ್ಲೂ ಇದೆ

ನವಲಗುಂದ ತಾಲ್ಲೂಕಿನ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿ ದುಡಿದವನು ನಾನು. ಆಗಸ್ಟ್ 14ರ ಸಂಜೆ ಧ್ವಜ ಮಡಚಿ, ನಡುವೆ ಚೆಂಡುಹೂವಿನ ಎಸಳು ತುಂಬಿ, ಹಗ್ಗದ ಗಂಟನ್ನು ಎರಡು ಸಲ ಜಗ್ಗಿ ನೋಡದೆ ಮನೆಗೆ ಹೋದವನಲ್ಲ. ಮಡಚುವ ಮುನ್ನ ಮಕ್ಕಳಿಂದ ಚಕ್ರದ ಗೆರೆ ಎಣಿಸುವುದು ನಮ್ಮ ರೂಢಿ. 2022ರಲ್ಲಿ ಪೇಟೆಯಿಂದ ಬಂದ ಪಾಲಿಯೆಸ್ಟರ್ ಬಾವುಟ ಹರವಿದಾಗ ಐದನೇ ತರಗತಿಯ ಹುಡುಗಿಯೊಬ್ಬಳು ಮತ್ತೆ ಮತ್ತೆ ಎಣಿಸಿ, “ಸರ್, ಇದರಾಗ ಇಪ್ಪತ್ತ ಅದಾವ್ರಿ” ಎಂದಳು. ಇರಬೇಕಾದದ್ದು 24. ಚಕ್ರವೂ ಬಿಳಿ ಪಟ್ಟಿಯ ನಟ್ಟನಡುವೆ ಇರದೆ ಒಂದು ಮಗ್ಗುಲಿಗೆ ಜಾರಿತ್ತು. ಅದನ್ನು ಬದಿಗಿಟ್ಟು ಕಪಾಟಿನ ಹಳೆಯ ಖಾದಿ ಧ್ವಜವನ್ನೇ ಏರಿಸಿದೆವು.

ಆ ಚಕ್ರಕ್ಕೊಂದು ಕಥೆಯಿದೆ. ಸ್ವಾತಂತ್ರ್ಯ ಹೋರಾಟದ ಬಾವುಟದ ನಡುವೆ ಇದ್ದದ್ದು ಚರಕ. ಒಂದು ಬದಿಯಿಂದ ಸರಿಯಾಗಿ ಕಂಡ ಚರಕ ಇನ್ನೊಂದು ಬದಿಯಿಂದ ತಿರುಗುಮುರುಗಾಗಿ ಕಾಣುತ್ತಿತ್ತು. ಎರಡೂ ಕಡೆ ಒಂದೇ ಬಗೆಯಾಗಿರಲೆಂದು ಸಾರನಾಥದ ಅಶೋಕಸ್ತಂಭದ ಚಕ್ರವನ್ನು ಆರಿಸಿದರು. ಆದರೆ 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ಗೊತ್ತುವಳಿ, ಈ ಗಾಲಿ ಚರಕವನ್ನೇ ಪ್ರತಿನಿಧಿಸುತ್ತದೆ ಎಂದು ಬಾಯಿಬಿಟ್ಟು ಹೇಳಿದೆ. ಕೇಸರಿ ತ್ಯಾಗಕ್ಕೆ, ಬಿಳಿ ಸತ್ಯಕ್ಕೆ, ಹಸಿರು ಮಣ್ಣಿನ ನಂಟಿಗೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಚರಕದ ಮಾತನ್ನು ಮಾತ್ರ ಬಿಟ್ಟುಬಿಡುತ್ತೇವೆ.

ಹಿರಿಯರು ಆ ಚರಕವನ್ನು ಬಟ್ಟೆಯಲ್ಲಿ ಉಳಿಸಿದ್ದರು. ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದ್ದೇ ಧ್ವಜವಾಗಬೇಕೆಂಬ ನಿಯಮವಿತ್ತು. ನಮ್ಮೂರಿಂದ ಬಸ್ಸಿನಲ್ಲಿ ಒಂದು ತಾಸು ಹೋದರೆ ಹುಬ್ಬಳ್ಳಿಯ ಬೆಂಗೇರಿ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಹಗ್ಗ ಕಟ್ಟುವುದು, ಹೀಗೆ ಹಂತಹಂತವಾಗಿ ಕೈಯಿಂದ ಕೈಗೆ ಸಾಗಿ ಧ್ವಜ ಸಿದ್ಧವಾಗುತ್ತದೆ. ಆ ಕೈಗಳಲ್ಲಿ ಬಹುಪಾಲು ಹೆಣ್ಣುಮಕ್ಕಳವು. ಅಳತೆ ತಪ್ಪುವಂತಿಲ್ಲ: 6300 ಮಿ.ಮೀ. ಉದ್ದದ ದೊಡ್ಡ ಧ್ವಜವಿರಲಿ, 150 ಮಿ.ಮೀ.ದ ಮೇಜಿನ ಧ್ವಜವಿರಲಿ, ಉದ್ದಗಲ 3:2. ಧಾರವಾಡ ತಾಲ್ಲೂಕಿನ ಗರಗದಲ್ಲೂ ಧ್ವಜದ ಬಟ್ಟೆ ನೇಯುತ್ತಾರೆ.

ಕೈನೂಲಿನ ಆ ನಿಯಮಕ್ಕೆ 2021ರ ಡಿಸೆಂಬರ್ 30ರಂದು ಬಂದ ತಿದ್ದುಪಡಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಬಾಗಿಲು ತೆರೆಯಿತು. ಮನೆಮನೆಗೂ ತಿರಂಗಾ ತಲುಪಲು ಅಗ್ಗದ ಬಟ್ಟೆ ಬೇಕೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕೂಲಿಯವನ ಮನೆ ಮೇಲೂ ಬಾವುಟ ಹಾರಬೇಕು. ಆದರೆ ಶಾಲೆ, ಪಂಚಾಯಿತಿ, ಕಚೇರಿಗಳ ಕಂಬಕ್ಕೆ ಖಾದಿಯೇ ಇರಲಿ ಎಂದು ನಿಯಮ ಬರೆಯಲು ಯಾವ ತೊಂದರೆ ಇತ್ತು?

ನಮ್ಮದು ಹತ್ತಿ ಬೆಳೆಯುವ ಕರಿಮಣ್ಣಿನ ಸೀಮೆ. ಜಮಖಾನ ನೇಯುವ ಹೆಂಗಸರಿರುವ ಊರು. 1980ರ ಜುಲೈ 21ರಂದು ರೈತರು ಗುಂಡಿಗೆ ಎದೆಯೊಡ್ಡಿದ ನೆಲ. ಧ್ವಜದ ಹಸಿರು ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಹಸಿರನ್ನು ಪೆಟ್ರೋಲಿಯಂನಿಂದ ತೆಗೆದ ಎಳೆಯ ಮೇಲೆ ಬಳಿದು ಏರಿಸುವುದು ನನಗೆ ಒಗ್ಗುವುದಿಲ್ಲ.

ಮುಖ್ಯೋಪಾಧ್ಯಾಯರೇ, ಪಂಚಾಯಿತಿ ಅಧ್ಯಕ್ಷರೇ, ಈ ಸಲ ಆಗಸ್ಟ್ ಬರುವ ಮುನ್ನ ಬೆಂಗೇರಿಗೆ ಹೋಗಿ ಒಂದು ಖಾದಿ ಧ್ವಜ ತನ್ನಿ. ಹೋಗುವಾಗ ನಾಲ್ಕು ಮಕ್ಕಳನ್ನೂ ಕರೆದೊಯ್ಯಿರಿ.